ಎಡ ಜೇಬಿನ ಚಾಕು

ಮೆಕ್ಕೆಜೋಳದ ಅಂಗಡಿಯಲ್ಲಿ ಚೀಲದ ಹೊಲಿಗೆ ಬಿಚ್ಚಲು ಮೊದಲು ನನ್ನ ಹತ್ತಿರ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನ ಮುರಿದ ತುಂಡೊಂದು ಇತ್ತು. ಒಂದು ತುದಿಗೆ ಸೈಕಲ್ ಟ್ಯೂಬ್ ಸುತ್ತಿ ಹಿಡಿ ಮಾಡಿಕೊಂಡಿದ್ದೆ. ಹರಪನಹಳ್ಳಿಯ ಯಾವ ಅಂಗಡಿಗೆ ಹೋದರೂ ಹಮಾಲರ ಹತ್ತಿರ, ನನ್ನ ಹಾಗೆ ತೂಕಕ್ಕೆ ನಿಲ್ಲುವವರ ಹತ್ತಿರ ಇಂಥದ್ದೇ ಇರುತ್ತದೆ. ಈಗ ನನ್ನ ಪ್ಯಾಂಟಿನ ಜೇಬಿನಲ್ಲಿ ಒಂದು ಮಡಚುವ ಚಾಕು ಇದೆ. ಕಪ್ಪು ಹಿಡಿ, ಬೆರಳುದ್ದದ ಅಲಗು, ಜೇಬಿನ ಅಂಚಿಗೆ ಸಿಕ್ಕಿಸಲು ಒಂದು ಉಕ್ಕಿನ ಕ್ಲಿಪ್. ಅದು ನನ್ನ ತಮ್ಮನದು. ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ.

ತಮ್ಮ ಕುರಿ ಕಾಯುತ್ತಿದ್ದ. ಆ ಹೊತ್ತು ಹಿಂಡು ಹಡಗಲಿ ಕಡೆಯ ಹೊಲವೊಂದರಲ್ಲಿ ಇತ್ತು. ಗೊಬ್ಬರವಾಗಲಿ ಎಂದು ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ರಾತ್ರಿ ಹಿಂಡು ಅಲ್ಲೇ ಮಲಗುತ್ತದೆ. ಬೆಳಗ್ಗೆ ಎದ್ದು ಹಿಂಡಿನ ಸುತ್ತ ಕಟ್ಟಿದ್ದ ಬಲೆ ಸುತ್ತುವಾಗ ತಮ್ಮ ಎದೆ ಹಿಡಿದುಕೊಂಡು ಕೂತನಂತೆ. ಜೊತೆಯಲ್ಲಿದ್ದ ನಮ್ಮ ಚಿಕ್ಕಪ್ಪ ರಸ್ತೆಗೆ ಓಡಿ ಆಟೋ ನಿಲ್ಲಿಸಿ ಕರೆತರುವಷ್ಟರಲ್ಲಿ ಅವನ ಮಾತು ನಿಂತಿತ್ತು. ಅವನಿಗೆ ಮದುವೆ ಆಗಿರಲಿಲ್ಲ. ಅಪ್ಪ ಎಂದೋ ತೀರಿಕೊಂಡಿದ್ದ. ಹಾಗಾಗಿ ಅಣ್ಣನಾದ ನಾನೇ ಅವನಿಗೆ ಮಣ್ಣು ಕೊಟ್ಟೆ.

ನಮ್ಮಲ್ಲಿ ಮಣ್ಣು ಮಾಡಿದವನು ದಿನದ ಕಾರ್ಯ ಮುಗಿಯುವವರೆಗೆ ಮೈಮೇಲೆ ಕಬ್ಬಿಣ ಇಟ್ಟುಕೊಂಡಿರಬೇಕು. ಕುಡುಗೋಲು, ಚೂರಿ, ಕೊನೆಗೆ ಒಂದು ದೊಡ್ಡ ಮೊಳೆಯಾದರೂ ಸರಿ. ಅವತ್ತು ಎಲ್ಲರೂ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಾಗ ಹಿರಿಯರಿಗೆ ಅದು ನೆನಪಾಯಿತು. ಚಿಕ್ಕಪ್ಪ ತಮ್ಮನ ಸಾಮಾನು ಕಟ್ಟಿ ತಂದಿದ್ದ ಟವೆಲ್ ಬಿಚ್ಚಿದ. ಅದರಲ್ಲಿ ಅವನ ಫೋನು, ಬಾಚಣಿಗೆ, ಈ ಚಾಕು ಇದ್ದವು.

“ಕುಡಗೋಲು ಹುಡುಕ್ಕೊಂತ ಯಾರು ಹೋಗ್ತಾರ, ಇದ ಐತಲ್ಲ. ತಗೋ ಯಪ್ಪ, ಬರಿಗೈಲೆ ಇರಬಾರ್ದು,” ಎಂದು ಚಾಕುವನ್ನು ನನ್ನ ಅಂಗೈಯಲ್ಲಿಟ್ಟ.

ಆ ದಿನಗಳಲ್ಲಿ ನಾನು ಪಂಚೆ ಉಟ್ಟಿದ್ದೆ. ಸೊಂಟದ ಮಡಿಕೆಗೆ ಕ್ಲಿಪ್ ಸಿಕ್ಕಿಸಿಕೊಂಡರೆ ಚಾಕು ನಿಲ್ಲುತ್ತಿರಲಿಲ್ಲ. ಕ್ಲಿಪ್ಪಿಗೆ ದಪ್ಪ ಹೊಲಿಗೆಯ ಅಂಚು ಬೇಕು. ತೆಳು ಬಟ್ಟೆಯಲ್ಲಿ ಅದು ಕೂತಾಗ ಜಾರುತ್ತದೆ, ಎದ್ದಾಗ ಬೀಳುತ್ತದೆ. ಬಿದ್ದಾಗಲೆಲ್ಲ ಅವ್ವ ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ನನ್ನ ಕೈಗೆ ಕೊಡುತ್ತಿದ್ದಳು.

ದಿನದ ಕಾರ್ಯ ಮುಗಿಯಿತು. ಕಬ್ಬಿಣ ಇಳಿಸಿ ಇಡಬಹುದು ಎಂದರು. ಇಳಿಸಿ ಅವನ ಫೋಟೋದ ಮುಂದೆ ಇಟ್ಟೆ ಕೂಡ. ಆದರೆ ಅಂಗಡಿಗೆ ಹೊರಟ ಮೊದಲ ಬೆಳಗ್ಗೆ ಪ್ಯಾಂಟು ಹಾಕಿಕೊಂಡವನೇ ಅದನ್ನು ಎತ್ತಿ ಬಲ ಜೇಬಿಗೆ ಸಿಕ್ಕಿಸಿಕೊಂಡೆ. ಯಾರೂ ತಗೋ ಎಂದಿರಲಿಲ್ಲ. ನನಗೆ ಬೇಕಾಗಿತ್ತು, ತೆಗೆದುಕೊಂಡೆ. ಸತ್ತವನ ವಸ್ತುವನ್ನು ಆಸೆಪಟ್ಟು ತೆಗೆದುಕೊಂಡ ಹಾಗೆ ಅನ್ನಿಸಿ, ಬಾಗಿಲು ದಾಟುವಾಗ ಅಂಗಿಯ ತುದಿಯನ್ನು ಕ್ಲಿಪ್ಪಿನ ಮೇಲೆ ಎಳೆದುಕೊಂಡೆ.

ತಮ್ಮ ಈ ಚಾಕುವನ್ನು ಕೊಂಡದ್ದು ಕೊಟ್ಟೂರಿನಲ್ಲಿ. ಬಸ್ ನಿಲ್ದಾಣದ ಹತ್ತಿರ ಬೀಗ, ಟಾರ್ಚು, ಉಗುರು ಕತ್ತರಿ ಹರವಿಕೊಂಡು ಕೂರುವವನೊಬ್ಬನ ಬಳಿ. ಕೊಂಡವನು ಮನೆಗೆ ಹೋಗದೆ ನೇರ ನಮ್ಮ ಅಂಗಡಿಗೆ ಬಂದ. ಮಧ್ಯಾಹ್ನ ಊಟದ ಹೊತ್ತು, ಗಾಡಿಗಳಿರಲಿಲ್ಲ. ತೂಕದ ಯಂತ್ರದ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಚಾಕುವನ್ನು ನನ್ನ ಮುಖಕ್ಕೆ ಹಿಡಿದ.

“ಅಣ್ಣ, ಇಲ್ನೋಡೋ.”

“ಏನೈತಿ ನೋಡಾಕ? ಚಾಕು.”

“ಚಾಕು ಇರ್ಲಿ, ತೂತು ನೋಡು. ಈ ಮಗ್ಗಲಿಗೂ ಅದಾವ, ಆ ಮಗ್ಗಲಿಗೂ ಅದಾವ.”

“ಇದ್ರ ಏನಾತು?”

“ಏನಾತು ಅಂತಾನ! ಕ್ಲಿಪ್ಪು ಬಲಗೈಯರಿಗಿ ಅಂತ ಹಾಕಿ ಮಾರ್ತಾರ. ಬ್ಯಾಡಾದ್ರ ಬಿಚ್ಚಿ ಎಡಗೈಗೆ ಹಾಕ್ಕೋಬಹುದು. ಎಡಚರೂ ಅದಾರ ಅಂತ ಯಾವನಿಗೋ ಗೊತ್ತೈತೋ ಅಣ್ಣ!”

ಚೀಲದ ಮೇಲೆ ಒರಗಿದ್ದ ಹಮಾಲನೊಬ್ಬ ಕಣ್ಣು ಬಿಟ್ಟು, “ಏನಪ್ಪ ಕುರಿಗಾರ, ಯಾರನ್ನ ಕೊಯ್ಯಾಕ ಹೊಂಟಿ?” ಎಂದ.

“ನಿನ್ನ ಮೀಸಿ ಕೊಯ್ಯಾಕ. ಬಾ ಇಲ್ಲಿ, ಎಡಗೈಲೆ ಕೊಯ್ದ್ರ ನೋವಾಗಂಗಿಲ್ಲ.”

ಪಕ್ಕದ ಮೊಬೈಲ್ ರಿಪೇರಿಯವನಿಂದ ಸಣ್ಣ ಸ್ಕ್ರೂಡ್ರೈವರ್ ಇಸಿದುಕೊಂಡು ಬಂದ. ನಾಲಿಗೆಯ ತುದಿ ಕಚ್ಚಿಕೊಂಡು ಸ್ಕ್ರೂಗಳನ್ನು ಬಿಚ್ಚಿ, ಕ್ಲಿಪ್ಪನ್ನು ಮತ್ತೊಂದು ಮಗ್ಗುಲಿಗೆ ಹಾಕಿದ. ಎಡ ಜೇಬಿಗೆ ಸಿಕ್ಕಿಸಿದ. ತೆಗೆದ. ಸಿಕ್ಕಿಸಿದ. ಹೆಬ್ಬೆರಳಿನಿಂದ ಅಲಗನ್ನು ತೆರೆದು ಮಡಚಿದ. ಅಷ್ಟು ಹೊತ್ತು ಅವನು ಒಂದೇ ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ.

ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಅವನೇ ನನಗೆ ಹೇಳಿದ್ದ. ಕೇಳಿಸಿಕೊಂಡಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ. ಅಲಗಿನ ತುದಿ ಮೇಲಕ್ಕೆ ಇರುವ ಹಾಗೆ ಇಟ್ಟರೆ ಚಾಕು ಕೈಗೆ ಸಲೀಸಾಗಿ ಬರುತ್ತದೆ. ಆದರೆ ಆಗ ಅಲಗಿನ ಬೆನ್ನು ಜೇಬಿನ ಹಿಂಬದಿಯ ಹೊಲಿಗೆಗೆ ತಾಗಿಕೊಂಡಿರಬೇಕು. ಹೊಲಿಗೆ ಅದನ್ನು ಒತ್ತಿ ಹಿಡಿದಿರುತ್ತದೆ, ತೆರೆಯಲು ಬಿಡುವುದಿಲ್ಲ. ಬೆನ್ನು ಮುಂದಕ್ಕೆ, ಜೇಬಿನ ಖಾಲಿ ಕಡೆಗೆ ತಿರುಗಿದ್ದರೆ ಅಲಗು ಯಾವಾಗಲಾದರೂ ಬಾಯಿ ಬಿಡಬಹುದು. ಚಾಕುವಿಗೆ ಲಾಕ್ ಇದೆಯಲ್ಲ ಎಂದು ನಾನು ಕೇಳಿದ್ದೆ. ಅವನು ನಕ್ಕಿದ್ದ. ಲಾಕ್ ಇರುವುದು ತೆರೆದ ಚಾಕು ಬೆರಳಿನ ಮೇಲೆ ಮಡಚಿಕೊಳ್ಳಬಾರದು ಎಂದು. ಮಡಚಿದ್ದನ್ನು ಹಿಡಿದಿಡುವುದು ಕೀಲಿನ ಬಿಗಿ ಒಂದೇ. ಅದೂ ದಿನ ಕಳೆದಂತೆ ಸಡಿಲವಾಗುತ್ತದೆ.

ಅಂಗಿಯ ಜೇಬಿನಲ್ಲಿ ಅವನು ಎಂದೂ ಇಡುತ್ತಿರಲಿಲ್ಲ, ಕುರಿಯ ಗೊರಸು ಹಿಡಿಯಲು ಬಗ್ಗಿದರೆ ಬೀಳುತ್ತದೆ ಎಂದು. ಮೈಲಾರದ ಜಾತ್ರೆಗೆ ಹೋಗುವಾಗ ಚಾಕು ಮನೆಯಲ್ಲೇ. ಆ ನೂಕಾಟದಲ್ಲಿ ಯಾರ ಕೈ ಯಾರ ಜೇಬಿಗೆ ತಾಗುತ್ತದೋ ಹೇಳಲು ಬರುವುದಿಲ್ಲ ಎನ್ನುತ್ತಿದ್ದ. ಬಸ್ಸಿನಲ್ಲಿ ಕೂರುವಾಗ ತೆಗೆದು ಚೀಲದ ತಳಕ್ಕೆ ಹಾಕುತ್ತಿದ್ದ. ಬೇರೆ ವಿಷಯದಲ್ಲಿ ಅವನು ಅಷ್ಟು ಜಾಗ್ರತೆಯ ಮನುಷ್ಯನೇ ಆಗಿರಲಿಲ್ಲ. ಮಾತ್ರೆ ನುಂಗೆಂದರೆ ನಾಳೆ ಎನ್ನುತ್ತಿದ್ದ.

ಎಡಗೈಯ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಈ ಚಾಕುವಿನ ಮಾತು ಅರ್ಥವಾಗುವುದಿಲ್ಲ.

ತಮ್ಮ ಹುಟ್ಟಾ ಎಡಚ. ಚಿಕ್ಕವನಿದ್ದಾಗ ಉಣ್ಣಲು ಕೂತರೆ ಎಡಗೈ ಗಂಗಾಳಕ್ಕೆ ಹೋಗುತ್ತಿತ್ತು. ಅವ್ವ ಹಳೆಯ ಸೀರೆಯ ಅಂಚು ಹರಿದು ಅವನ ಎಡ ಮಣಿಕಟ್ಟನ್ನು ಉಡದಾರಕ್ಕೆ ಕಟ್ಟುತ್ತಿದ್ದಳು. ಊಟ ಮುಗಿದ ಮೇಲೆ ಬಿಚ್ಚುತ್ತಿದ್ದಳು. ಹೊಡೆಯುತ್ತಿರಲಿಲ್ಲ, ಕಟ್ಟುತ್ತಿದ್ದಳು. ಎಡಗೈಯಿಂದ ಉಂಡರೆ ನಾಲ್ಕು ಜನರ ಸಾಲಿನಲ್ಲಿ ಕೂರಿಸುವುದಿಲ್ಲ, ಎಡಗೈಯಿಂದ ಕೊಟ್ಟರೆ ಯಾರೂ ಇಸಿದುಕೊಳ್ಳುವುದಿಲ್ಲ, ನಾಳೆ ಹೆಣ್ಣು ಕೊಡುವುದಿಲ್ಲ ಎಂಬುದು ಅವಳ ಹೆದರಿಕೆ. ಆಗ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಪಕ್ಕದಲ್ಲಿ ನಾನು ಬಲಗೈಯಲ್ಲಿ ಉಣ್ಣುತ್ತಾ ಕೂತಿರುತ್ತಿದ್ದೆ. “ಅಣ್ಣನ ನೋಡಿ ಕಲಿ,” ಎನ್ನುತ್ತಿದ್ದಳು. ನಾನು ಏನೂ ಮಾಡಿದವನಲ್ಲ. ಆದರೂ ಆ ಮಾತು ಬಂದಾಗಲೆಲ್ಲ ತುತ್ತನ್ನು ಗಂಗಾಳದಲ್ಲೇ ಇಟ್ಟುಬಿಡುತ್ತಿದ್ದೆ. ಈಗಲೂ ಬಲಗೈಯಿಂದ ರೊಟ್ಟಿ ಮುರಿಯುವಾಗ ಒಮ್ಮೊಮ್ಮೆ ಹಾಗೆಯೇ ಮಾಡುತ್ತೇನೆ.

ಅವನು ಕಲಿತ. ಉಣ್ಣುವುದು, ಬರೆಯುವುದು, ಕೊಡುವುದು, ಕೈ ಮುಗಿದು ಆರತಿ ತೆಗೆದುಕೊಳ್ಳುವುದು ಎಲ್ಲ ಬಲಗೈ. ಆದರೆ ಹಿಂಡಿನ ಜೊತೆ ಒಬ್ಬನೇ ಇರುವಾಗ ಕೊಯ್ಯುವುದು, ಗಂಟು ಹಾಕುವುದು, ಕವಣೆ ಬೀಸುವುದು ಎಲ್ಲ ಎಡಗೈ. “ಮನಿಷ್ಯಾರ ಮುಂದ ಬಲಗೈ, ಕುರಿ ಮುಂದ ಎಡಗೈ. ಕುರಿ ಏನ್ ಹೆಣ್ಣು ಕೊಡಬೇಕಾಗಿಲ್ಲಲ್ಲ,” ಎಂದು ನಗುತ್ತಿದ್ದ. ನಮ್ಮ ತಾಲೂಕಿನದೇ ಅರಸೀಕೆರೆಯ ಕಡೆ ಹೆಣ್ಣು ನೋಡಲು ಹೋದಾಗ ಅವ್ವ ದಾರಿಯುದ್ದಕ್ಕೂ “ಚಾ ಬಲಗೈಲೆ ಇಸಕೋ” ಎಂದು ಹೇಳಿಕೊಂಡು ಬಂದಿದ್ದಳು. ಅವನು ಬಲಗೈಯಿಂದಲೇ ಇಸಿದುಕೊಂಡ. ಚಹಾ ಅಂಗಿಯ ಮೇಲೆ ಚೆಲ್ಲಿತು. ಸಂಬಂಧ ಬೇರೆ ಕಾರಣಕ್ಕೆ ಕೂಡಲಿಲ್ಲ, ಆದರೆ ಮನೆಗೆ ಬಂದು ಅಂಗಿ ಒಗೆಯುವಾಗ ಅವ್ವ ಅತ್ತಳು.

ಈಗ ಆ ಚಾಕು ನನ್ನ ಬಲ ಜೇಬಿನಲ್ಲಿತ್ತು, ಕ್ಲಿಪ್ ಮಾತ್ರ ಅವನು ಎಡಗೈಗೆಂದು ಹಾಕಿದ ಕಡೆಯೇ ಇತ್ತು. ಅಂದರೆ ಅಲಗಿನ ಬೆನ್ನು ಹೊಲಿಗೆಯನ್ನು ಬಿಟ್ಟು ಖಾಲಿ ಜೇಬಿಗೆ ಮುಖ ಮಾಡಿತ್ತು. ಒಂದು ದಿನ ಟ್ರ್ಯಾಕ್ಟರಿನಿಂದ ಚೀಲ ಇಳಿಸುವಾಗ ಹಮಾಲರ ಜೊತೆ ಕೈಜೋಡಿಸಿದೆ. ಚೀಲ ತೊಡೆಗೆ ಉಜ್ಜಿಕೊಂಡು ಹೋಯಿತು. ಆಮೇಲೆ ಚಾಕು ತೆಗೆಯಲು ಜೇಬಿಗೆ ಕೈ ಹಾಕಿದರೆ ಬೆರಳಿಗೆ ತಣ್ಣಗೆ ಏನೋ ತಾಗಿತು. ಮೆಲ್ಲಗೆ ಕೈ ಹೊರಗೆ ತೆಗೆದೆ. ಬೆರಳು ಕುಯ್ದಿರಲಿಲ್ಲ, ಗೀರಿತ್ತು ಅಷ್ಟೆ. ಬಗ್ಗಿ ನೋಡಿದರೆ ಅಲಗು ಜೇಬಿನೊಳಗೆ ಅರ್ಧ ಬಾಯಿ ತೆರೆದು ನಿಂತಿತ್ತು.

ತಮ್ಮ ಹೇಳಿದ್ದು ಆಗ ತಲೆಗೆ ಹೋಯಿತು. ಸಂಜೆ ಬರುವಾಗ ಮೊಬೈಲ್ ರಿಪೇರಿಯವನಿಂದ ಅದೇ ಸ್ಕ್ರೂಡ್ರೈವರ್ ಇಸಿದುಕೊಂಡು ಬಂದೆ.

ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ದೀಪದ ಕೆಳಗೆ ಕೂತು ಸ್ಕ್ರೂಡ್ರೈವರ್ ತೆಗೆದದ್ದೇ ಅವಳ ಕೈ ನಿಂತಿತು.

“ಏನ್ ಮಾಡಾಕತ್ತಿ?”

“ಕ್ಲಿಪ್ಪು ಈ ಕಡಿ ಹಾಕ್ತೀನಿ ಯವ್ವ. ಇದು ಎಡಗೈಯರಿಗಿ ಐತಿ. ನನ್ನ ಜೇಬಿನಾಗ ಬಿಚ್ಚಿಕೊಳ್ತೈತಿ.”

“ಬ್ಯಾಡ.”

“ಬೆರಳು ಹೋಗ್ತಿತ್ತು ಇವತ್ತು.”

“ಬ್ಯಾಡ ಅಂದ್ನೆಲ್ಲ. ಅಂವ ಹೆಂಗ ಹಾಕ್ಯಾನ ಹಂಗ ಇರ್ಲಿ.”

“ಹಂಗಾದ್ರ ಮನ್ಯಾಗ ಇಟ್ಟುಬಿಡ್ತೀನಿ.”

“ಮನ್ಯಾಗ ಇಟ್ರ ತುಕ್ಕು ಹಿಡಿತೈತಿ. ಹಾಕ್ಕೊಂಡು ತಿರಗು. ಅದು ಅಡ್ಡಾಡಿಕೊಂಡು ಇರ್ಲಿ.”

ಇಷ್ಟು ಹೇಳಿ ಶೇಂಗಾ ಕಡೆ ತಿರುಗಿದಳು. ಬಿಡಬಾರದು, ಬದಲಿಸಲೂಬಾರದು. ಒಳಗಿನಿಂದ ನನ್ನ ಹೆಂಡತಿ ಬಾಗಿಲಿಗೆ ಬಂದು ಸುಮ್ಮನಿರು ಎಂಬಂತೆ ಕಣ್ಣಲ್ಲೇ ಹೇಳಿದಳು. ನಾನು ಸ್ಕ್ರೂಡ್ರೈವರ್ ಎತ್ತಿಟ್ಟೆ. ಅವನ ಎಡಗೈಯನ್ನು ಕಟ್ಟಿದವಳಿಗೆ ಈಗ ಅವನ ಎಡಗೈಯದು ಅಂತ ಉಳಿದದ್ದು ಆ ಕ್ಲಿಪ್ ಒಂದೇ. ಅದನ್ನು ನಾನು ಬಿಚ್ಚಲು ಹೊರಟಿದ್ದೆ, ಅದೂ ಅವಳ ಕಣ್ಣೆದುರೇ.

ಮರುದಿನ ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಮಡಚಿದ ಚಾಕುವಿನ ಸುತ್ತ ತೊಡಿಸಿದೆ. ಅದು ಇರುವವರೆಗೆ ಅಲಗು ಅಲುಗುವುದಿಲ್ಲ. ತೊಡಕು ಎಂದರೆ ಪ್ರತಿ ಸಲ ಅದನ್ನು ತೆಗೆಯಬೇಕು, ಮತ್ತೆ ಹಾಕಬೇಕು. ಗಾಡಿಗಳು ಸಾಲುಗಟ್ಟಿದ ದಿನ ಯಾರಿಗೆ ಅದು ನೆನಪಿರುತ್ತದೆ? ಹಮಾಲ ಮೊದಲೇ ನಗುತ್ತಿದ್ದ. “ಏನೋ ಇದು, ಚಾಕುವಿಗಿ ಉಡದಾರ ಕಟ್ಟೀಯ!” ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ನನಗೆ ಮಾತ್ರ ಆ ಮಾತು ಕೇಳಿ ಚಾಕುವಿನಿಂದ ಟ್ಯೂಬು ತೆಗೆದು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಆದರೆ ಆಮೇಲೆ ಅದನ್ನು ತೊಡಿಸುವುದನ್ನು ಮರೆಯತೊಡಗಿದೆ.

ಹಾಗೆ ಮರೆತ ಒಂದು ಸಂಜೆ ಪ್ಯಾಂಟನ್ನು ಕಳಚಿ ಗೋಡೆಯ ಗೂಟಕ್ಕೆ ತೂಗುಹಾಕಿದೆ, ಚಾಕು ಜೇಬಿನಲ್ಲೇ ಇತ್ತು. ಬೆಳಗ್ಗೆ ಬೇರೆ ಪ್ಯಾಂಟು ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯಲ್ಲಿ ಜೇಬು ಮುಟ್ಟಿಕೊಂಡಾಗಲೇ ನೆನಪಾದದ್ದು. ಮನೆಯಲ್ಲಿದೆ, ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನಾದೆ.

ಸಂಜೆ ಬಂದಾಗ ಪ್ಯಾಂಟು ಒಗೆದು ತಂತಿಯ ಮೇಲೆ ಒಣಗುತ್ತಿತ್ತು. ಚಾಕು ತಮ್ಮನ ಫೋಟೋದ ಮುಂದೆ ಇತ್ತು, ಮಡಚಿ, ಟ್ಯೂಬಿನ ಬಳೆ ತೊಡಿಸಿ. ಅವ್ವ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಏನಾತು ಯವ್ವ?”

“ಏನಿಲ್ಲೋ, ಈಳಿಗಿ ತಾಗ್ತು.”

ಒಲೆಯ ಮುಂದಿದ್ದ ಹೆಂಡತಿ ತಿರುಗಿ, “ಅತ್ತಿ, ಇವತ್ತು ಈಳಿಗಿ ಹಿಡಿದಾಕಿ ನಾನು,” ಎಂದಳು.

“ನೀ ಹಿಡಿಯಾಕಿಂತ ಮದ್ಲ ನಾ ಹಿಡಿದಿದ್ದೆ. ಎಲ್ಲಾ ನಿನಗ ಕೇಳಿ ಮಾಡ್ಲೇನು?”

ಹೆಂಡತಿ ಒಲೆಯ ಕಡೆ ತಿರುಗಿದಳು. ನಾನು ಚಾಕುವನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ತೆರೆದೆ. ಅಲಗನ್ನು ಒರೆಸಿದ್ದಳು. ಹಿಡಿಯೊಳಗಿನ ಸೀಳಿನಲ್ಲಿ, ಬಟ್ಟೆ ಮುಟ್ಟದ ಜಾಗದಲ್ಲಿ, ಕಂದು ಬಣ್ಣ ಒಣಗಿತ್ತು. ತಂತಿಯ ಮೇಲಿನ ಪ್ಯಾಂಟಿನ ಬಲ ಜೇಬನ್ನು ಹೊರಗೆ ಎಳೆದು ನೋಡಿದೆ. ಎಷ್ಟು ತಿಕ್ಕಿದ್ದರೂ ಹೋಗದ ಒಂದು ಕಲೆ ಇತ್ತು.

ಒಗೆಯುವ ಮೊದಲು ಜೇಬಿನಲ್ಲಿ ಚೀಟಿ, ಚಿಲ್ಲರೆ ಏನಾದರೂ ಉಳಿದಿದೆಯೇ ಎಂದು ನೋಡುವುದು ಅವಳ ರೂಢಿ. ಕೈ ಹಾಕಿದ್ದಾಳೆ. ತೆರೆದ ಅಲಗು ಬೆರಳಿಗೆ ಬಿದ್ದಿದೆ. ರಕ್ತದ ಕೈಯಲ್ಲೇ ಅದನ್ನು ಮಡಚಿ, ಒರೆಸಿ, ಬಳೆ ಹುಡುಕಿ ತೊಡಿಸಿ, ಜೇಬು ತಿಕ್ಕಿದ್ದಾಳೆ. ನನಗೆ ತಿಳಿದರೆ ಕ್ಲಿಪ್ ಬಿಚ್ಚಿಬಿಡುತ್ತೇನೆ ಎಂದು ಇಷ್ಟೆಲ್ಲ ಮಾಡಿದ್ದಳು. ಮಗನ ಚಾಕುವಿನ ಮೇಲೆ ತಪ್ಪು ಬರಬಾರದು ಎಂದು ಈಳಿಗೆಯ ಮೇಲೆ ಹಾಕಿದಳು. ಚಾಕುವಿನ ತಪ್ಪೂ ಅದರಲ್ಲಿ ಇರಲಿಲ್ಲ. ತಪ್ಪು ಜೇಬಿನಲ್ಲಿ ಇಟ್ಟವನದು.

ಅವಳ ಬೆರಳಿಗೆ ಹೊಲಿಗೆ ಬೇಕಾಗಬಹುದು ಎಂದು ಆಸ್ಪತ್ರೆಗೆ ಕರೆದೆ. ಬರಲಿಲ್ಲ. ಹೆಂಡತಿ ಬಟ್ಟೆ ಬಿಚ್ಚಿಸಿ, ತೊಳೆದು, ಮುಲಾಮು ಹಚ್ಚಿ ಕಟ್ಟಿದಳು. ಗಾಯ ಉದ್ದವಿತ್ತು, ಆಳವಿರಲಿಲ್ಲ. ಊಟಕ್ಕೆ ಕೂತಾಗ ಬಲಗೈಯಲ್ಲಿ ತುತ್ತು ಹಿಡಿಯಲು ಅವ್ವನಿಗೆ ಆಗಲಿಲ್ಲ. ಹೆಂಡತಿ ಚಮಚ ತಂದು ಎಡಗೈಗೆ ಕೊಡಲು ಹೋದರೆ ತಲೆ ಅಲ್ಲಾಡಿಸಿದಳು. ಕೊನೆಗೆ ಹೆಂಡತಿಯೇ ಕಲಸಿ ತಿನ್ನಿಸಿದಳು. ನಾನು ಎದುರಿಗೆ ಕೂತು ಬಲಗೈಯಲ್ಲಿ ಉಂಡೆ. ಅವತ್ತು ಏನು ಉಂಡೆ ಎಂದು ನೆನಪಿಲ್ಲ.

ಇನ್ನು ಬಲ ಜೇಬಿನಲ್ಲಿ ಅದನ್ನು ಇಡಬಾರದು ಎಂದು ತೀರ್ಮಾನ ಮಾಡಿದೆ. ಅವ್ವನ ಮಾತೂ ಮೀರಬಾರದು. ಉಳಿದದ್ದು ಒಂದೇ ದಾರಿ, ಮೊದಲೇ ಹೊಳೆಯಬೇಕಾಗಿದ್ದದ್ದು. ಕ್ಲಿಪ್ ಹಾಗೇ ಇರಲಿ, ಚಾಕು ಎಡ ಜೇಬಿಗೆ ಹೋಗಲಿ. ಅಲ್ಲಿ ಅಲಗಿನ ಬೆನ್ನು ಹೊಲಿಗೆಗೆ ತಾಗಿ ಕೂರುತ್ತದೆ, ತಮ್ಮ ಇಟ್ಟುಕೊಂಡ ಹಾಗೆಯೇ. ತೆಗೆಯಲು ನನ್ನ ಎಡಗೈ ಕಲಿಯಬೇಕು, ಅಷ್ಟೆ.

ಅಷ್ಟೆ ಎಂದುಕೊಂಡದ್ದು ಸುಲಭವಾಗಿರಲಿಲ್ಲ. ನಲವತ್ತು ದಾಟಿದವನ ಎಡಗೈ ಎಂದರೆ ಚೀಲದ ಇನ್ನೊಂದು ತುದಿ ಹಿಡಿಯುವುದಕ್ಕೆ ಮಾತ್ರ ಇರುವಂಥದ್ದು. ಹೆಬ್ಬೆರಳಿಗೆ ಅಲಗನ್ನು ತಳ್ಳುವ ಬಲ ಇರಲಿಲ್ಲ. ಮಡಚುವಾಗ ಲಾಕ್ ಯಾವ ಕಡೆ ಒತ್ತಬೇಕು ಎಂದು ತಡವರಿಸುತ್ತಿತ್ತು. ಹೊಲಿಗೆಯ ಸುತಲಿ ಕೊಯ್ಯಲು ಹೋದರೆ ಗೋಣಿಯೇ ಹರಿಯುತ್ತಿತ್ತು. ಚೀಲ ಹರಿದು ಕಾಳು ಸುರಿದ ದಿನ ಹಮಾಲ ಬೈದ. ನಾನು ನಕ್ಕುಬಿಟ್ಟೆ. ತಮ್ಮನಿಗೆ ಬಲಗೈ ಕಲಿಯುವಾಗ ಹೀಗೇ ಆಗಿರಬೇಕಲ್ಲ, ಆಗ ಯಾರೂ ನಕ್ಕಿರಲಿಲ್ಲ ಎಂದು ಆಮೇಲೆ ಹೊಳೆಯಿತು. ನಗು ಅಲ್ಲೇ ನಿಂತಿತು.

ಮನೆಯಲ್ಲೂ ಅಭ್ಯಾಸ ಮಾಡುತ್ತಿದ್ದೆ, ಅವ್ವ ಇಲ್ಲದ ಹೊತ್ತಿನಲ್ಲಿ. ಒಂದು ಭಾನುವಾರ ಕಟ್ಟೆಯ ಮೇಲೆ ಕೂತು ಶೇಂಗಾ ಚೀಲದ ಬಾಯಿ ಕೊಯ್ಯುತ್ತಿದ್ದೆ. ಅವ್ವ ಪಕ್ಕದ ಮನೆಗೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಅವಳು ಯಾವಾಗ ಹಿಂದೆ ಬಂದು ನಿಂತಳೋ ಗೊತ್ತಿಲ್ಲ.

“ಲೇ! ಎಡಗೈ ತಗಿ! ಬಲಗೈಲೆ ಹಿಡಿಯಲೇ!”

ಹಿಂದಿನ ಅದೇ ದನಿ. ಅದೇ ಗಡಸು. ನನ್ನ ಕೈಯಿಂದ ಚಾಕು ಜಾರಿ ಚೀಲದ ಮೇಲೆ ಬಿತ್ತು. ಆ ಮಾತನ್ನು ಅವಳು ನನಗೆ ಎಂದೂ ಹೇಳಿದವಳಲ್ಲ. ಅದು ನನ್ನ ಪಾಲಿನ ಮಾತೇ ಅಲ್ಲ.

ತಿರುಗಿ ನೋಡಿದೆ. ಅವಳು ಗಾಯ ಮಾಯ್ದ ಬೆರಳುಗಳನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಗೋಡೆ ಹಿಡಿದು ನನ್ನ ಪಕ್ಕದಲ್ಲಿ ಕೂತಳು.

“ಅಂವ ಇದನ್ನ ತಂದ ದಿನ ನಿನಗ ತೋರ್ಸಿದ್ನಂತ, ಹೌದಲ್ಲ?”

“ಹೂಂ.”

“ಭಾಳ ಖುಷಿ ಆಗಿದ್ನಾ?”

“ಆಗಿದ್ದ.”

“ನನಗ ತೋರ್ಸಲಿಲ್ಲ. ನಾನು ಜೇಬಿನಾಗ ಏನೋ ಅದು ಅಂತ ಕೇಳಿದ್ರ, ಕುರಿ ಗೊರಸು ಕೆರಿಯಾಕ ಅಂದ, ಒಳಗ ಹೋದ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಯಾಕ ತೋರ್ಸಲಿಲ್ಲ?” ಎಂದಳು.

ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಚಾಕು ನೋಡಿದ್ರ ನೀ ಹೆದರ್ತಿ ಅಂತ ಇರಬೇಕು ಯವ್ವ,” ಎಂದೆ.

“ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಅವನಿಗೂ ಬರ್ತಿದ್ದಿಲ್ಲ.” ಮುಂದಕ್ಕೆ ಬಗ್ಗಿ ಚೀಲದ ಮೇಲಿದ್ದ ಚಾಕುವನ್ನು ಎತ್ತಿ ನನ್ನ ಬಲ ಅಂಗೈಯಲ್ಲಿಟ್ಟಳು. “ಬದಲ ಮಾಡು.”

“ಬ್ಯಾಡ ಬಿಡು ಯವ್ವ. ಕಲಿಯಾಕತ್ತೀನಿ. ಇನ್ನೊಂದಿಷ್ಟು ದಿನ ಹೋದ್ರ ಸರಿ ಆಗ್ತೈತಿ.”

“ಕಲಿಬ್ಯಾಡ. ಒಬ್ಬನಿಗೆ ಕಲಿಸಿದ್ದು ಸಾಕಾಗೇತಿ ನನಗ. ನಿನ್ನ ಕೈ ಹೆಂಗೈತಿ ಹಂಗ ಇರ್ಲಿ.”

ನಾನು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದೆ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ, ಹೋಗಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ತನ್ನ ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಜೋಳದ ಕಾಳಿಗಿಂತ ಸಣ್ಣ ಸ್ಕ್ರೂಗಳು. ಕ್ಲಿಪ್ ಕಿತ್ತ ಜಾಗದಲ್ಲಿ ಹಿಡಿಯ ಕಪ್ಪು ಹೊಸದರ ಹಾಗೆ ಇತ್ತು. ಉಳಿದ ಕಡೆಯೆಲ್ಲ ಅವನ ಅಂಗೈ ತಿಕ್ಕಿ ತಿಕ್ಕಿ ಬೂದು ಬಣ್ಣಕ್ಕೆ ತಿರುಗಿತ್ತು. ಅವ್ವ ಅದನ್ನು ಬೆರಳಿನಿಂದ ಸವರಿ ನೋಡಿದಳು. ಕ್ಲಿಪ್ಪನ್ನು ಇನ್ನೊಂದು ಮಗ್ಗುಲಿಗೆ ಹಿಡಿದೆ. ಅವಳು ಒಂದೊಂದೇ ಸ್ಕ್ರೂ ಕೊಟ್ಟಳು, ನಾನು ಬಿಗಿಮಾಡಿದೆ. ಸಡಿಲವಾಗಿದ್ದ ಕೀಲನ್ನೂ ಬಿಗಿಮಾಡಿದೆ. ಬಲ ಜೇಬಿಗೆ ಸಿಕ್ಕಿಸಿ ಎದ್ದು ನಿಂತಾಗ ಅವಳು ಹೊರಗಿನಿಂದಲೇ ಜೇಬನ್ನು ಒತ್ತಿ, ಅಲುಗಿಸಿ ನೋಡಿದಳು.

“ಬಿಚ್ಚಿಕೊಳ್ಳಂಗಿಲ್ಲಲ್ಲ?”

“ಇಲ್ಲ ಯವ್ವ. ಹೊಲಿಗಿ ಹಿಡಿದೈತಿ.”

ಈಗ ಚಾಕು ನನ್ನ ಕೈಗೆ ಸಲೀಸು. ಟ್ಯೂಬಿನ ಬಳೆ ಬೇಡ, ತಡವರಿಸುವುದು ಬೇಡ. ಮನೆಗೆ ಬಂದ ಕೂಡಲೇ ತೆಗೆದು ಗೋಡೆಯಲ್ಲಿ ಎತ್ತರಕ್ಕಿರುವ ಮಾಡದಲ್ಲಿ ಇಡುತ್ತೇನೆ. ಇದನ್ನು ಮಾತ್ರ ಮರೆತಿಲ್ಲ. ಮೊದಲೆಲ್ಲ ಜೇಬಿಗೆ ಕೈ ಹಾಕಿದಾಗ, ಬೆರಳಿಗೆ ಎಲ್ಲಾ ತಿರುಗುಮುರುಗಾಗಿ ಸಿಗುತ್ತಿತ್ತು, ಇದು ಬೇರೆಯವನ ಚಾಕು ಎಂದು ಪ್ರತಿ ಸಲ ಗೊತ್ತಾಗುತ್ತಿತ್ತು. ಪ್ರತಿ ಸಲ ಅವನು ನೆನಪಾಗುತ್ತಿದ್ದ. ಈಗ ಬೆಳಗ್ಗಿನಿಂದ ಸಂಜೆಯವರೆಗೆ ಚೀಲ ಬಿಚ್ಚುತ್ತೇನೆ, ಒಮ್ಮೊಮ್ಮೆ ಇಡೀ ದಿನ ಅವನ ನೆನಪು ಬರುವುದಿಲ್ಲ.

ಮೊನ್ನೆ ಅರಸೀಕೆರೆ ಕಡೆಯ ರೈತನೊಬ್ಬ ಮೆಕ್ಕೆಜೋಳ ತಂದಿದ್ದ. ಚೀಲದ ಬಾಯಿ ಬಿಚ್ಚಲು ಚಾಕು ಕೇಳಿ ಇಸಿದುಕೊಂಡ. ಕೊಯ್ದು, ಅಲಗನ್ನು ತೊಡೆಗೆ ಒರೆಸಿ, ತಿರುಗಿಸಿ ತಿರುಗಿಸಿ ನೋಡಿ, “ಭಾರಿ ಐತಲ್ಲರೀ. ಯಾರದು?” ಎಂದ.

“ನಂದು,” ಎಂದೆ.

ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ಅವನು ಚಾಕು ಮಡಚಿ ಕೊಟ್ಟು ಗಾಡಿಯ ಕಡೆ ಹೋದ. ಹಿಂದೆ ಕರೆದು ಇಲ್ಲ, ತಮ್ಮನದು ಎಂದು ಹೇಳಬೇಕು ಅನ್ನಿಸಿತು. ಗುರುತಿಲ್ಲದವನಿಗೆ ಅದನ್ನು ಹೇಳಿ ಏನು? ಮುಂದಿನ ಚೀಲ ಯಂತ್ರದ ಮೇಲೆ ಬಂತು, ತೂಕ ನೋಡಿದೆ.

ಸಂಜೆ ಅವ್ವ ಎಂದಿನಂತೆ ಇವತ್ತು ಗಾಡಿ ಬಂದಿದ್ದವಾ, ಯಾವ ಊರಿನವರು ಬಂದಿದ್ದರು ಎಂದು ಕೇಳಿದಳು. ಎಲ್ಲ ಹೇಳಿದೆ. ಅದೊಂದು ಮಾತು ಹೇಳಲಿಲ್ಲ.